ರಾಕ್ ಅಂಡ್ ರೋಲ್ ಬೆಳೆಸಿದ್ದು ಹುಡುಗರೋ, ಅಂಗಡಿಯವರೋ?

ತಿರುಗೋ_ಪ್ಲೇಟು

ನಿನ್ನೆ ಇನ್ನೊಂದು ಚರ್ಚೆಯಲ್ಲಿ ಒಬ್ಬರು ಬರೆದಿದ್ದರು: "ಐವತ್ತರ ದಶಕದ ಅಮೆರಿಕದ ಹದಿಹರೆಯದವರು ಅಪ್ಪ-ಅಮ್ಮಂದಿರ ವಿರುದ್ಧ ಬಂಡೆದ್ದು ರಾಕ್ ಅಂಡ್ ರೋಲ್ ಹುಟ್ಟುಹಾಕಿದರು." ಓದಿ ನಗು ಬಂತು. ಸ್ವಲ್ಪ ವಯಸ್ಸಿನ ಲೆಕ್ಕ ಹಾಕೋಣ. 'ರಾಕ್ ಅರೌಂಡ್ ದ ಕ್ಲಾಕ್' 1955ರ ಜುಲೈನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂದಾಗ ಅದನ್ನು ಹಾಡಿದ ಬಿಲ್ ಹೇಲಿಗೆ ಆಗಲೇ 30. ಶಾಲೆಯ ಗಂಟೆ, ಕ್ಲಾಸಿನ ಬೇಸರ, ಹದಿನಾರರ ಹುಡುಗಿ ಅಂತೆಲ್ಲ ಹಾಡು ಕಟ್ಟಿದ ಚಕ್ ಬೆರ್ರಿ ಹೆಂಡತಿ-ಮಕ್ಕಳಿದ್ದ ಸಂಸಾರಿ. ಅವನ ಮೊದಲ ರೆಕಾರ್ಡು ಬಂದಾಗ 28.

ಅದಿರಲಿ, ಹೇಲಿಯ ಹಾಡು 1954ರಲ್ಲೇ ಬಂದಿತ್ತು, ಆಗ ಅಷ್ಟೇನೂ ಓಡಲಿಲ್ಲ. ಮರುವರ್ಷ ಪುಂಡ ಶಾಲಾ ಹುಡುಗರ ಮೇಲಿನ ಒಂದು ಹಾಲಿವುಡ್ ಸಿನಿಮಾದ ಟೈಟಲ್ ಹೊತ್ತಿನಲ್ಲಿ ಹಾಕಿದರು ನೋಡಿ, ಎಲ್ಲರಿಗೂ ಹುಚ್ಚು ಹಿಡಿಯಿತು. ಯುದ್ಧ ಮುಗಿದು ದೇಶದಲ್ಲಿ ದುಡ್ಡು ಓಡಾಡುತ್ತಿತ್ತು, ಹುಡುಗರ ಜೇಬಿಗೂ ಪಾಕೆಟ್ ಮನಿ ಬಂದಿತ್ತು. ಆರ್‌ಸಿಎ ಕಂಪನಿ 1949ರಲ್ಲಿ ತಂದ ಏಳಿಂಚಿನ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಪ್ಲೇಟು ಡಾಲರ್‌ಗಿಂತ ಕಡಿಮೆಗೆ ಸಿಗುತ್ತಿತ್ತು. ರೇಡಿಯೋ ಡಿಜೆಗಳಿಗೆ ಕಂಪನಿಗಳಿಂದ ದುಡ್ಡಿನ ಕವರ್ ಹೋಗುತ್ತಿತ್ತು. ಇದರಲ್ಲಿ ಬಂಡಾಯ ಎಲ್ಲಿದೆ ಸ್ವಾಮಿ? ಹೊಸ ಗಿರಾಕಿ ಸಿಕ್ಕಿದರು, ಅಷ್ಟೇ.

ದಂಡಿನ_ಹಳಬ

ನಿಮ್ಮ ಲೆಕ್ಕದಲ್ಲಿ ಹಾಡಿದವರ ವಯಸ್ಸು ಮಾತ್ರ ಇದೆ, ಕೇಳಿದವರ ವಯಸ್ಸು ಇಲ್ಲ. ನಾನು ಆಗ ಹೈಸ್ಕೂಲು, ಬೆಂಗಳೂರು ದಂಡು ಪ್ರದೇಶ. ಮನೆಯಲ್ಲಿ ವಾಲ್ವ್ ರೇಡಿಯೋ. ಅದಕ್ಕೆ ವರ್ಷ ವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಬೇಕು, ಆದ್ದರಿಂದ ಅಪ್ಪನ ಸ್ವತ್ತು. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಕಾಲ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೇ ಬಾಗಿಲು ಮುಚ್ಚಿದ್ದರು, ವಿವಿಧ ಭಾರತಿ ಬಂದದ್ದೇ 1957ರ ಅಕ್ಟೋಬರ್‌ನಲ್ಲಿ. ಎಲ್ವಿಸ್ ಪ್ರೀಸ್ಲಿಯ ಹಾಡು ಬೇಕು ಅಂದರೆ ಶಾರ್ಟ್‌ವೇವ್‌ನಲ್ಲಿ ರೇಡಿಯೋ ಸಿಲೋನ್ ಹಿಡಿಯಬೇಕು.

ಹಿಡಿಯೋದೂ ಒಂದು ಕೆಲಸವೇ. ಸ್ವಿಚ್ ಹಾಕಿ ವಾಲ್ವ್ ಬಿಸಿಯಾಗುವ ತನಕ ಕಾಯಬೇಕು. ಮುಳ್ಳು ಕೂದಲೆಳೆಯಷ್ಟು ಅತ್ತಿತ್ತ ಆದರೂ ಬರೀ ಗೊರಗೊರ. ಡಯಲ್ ಪಕ್ಕದ ಹಸಿರು ಮ್ಯಾಜಿಕ್ ಐ ಕಿರಿದಾಗುತ್ತಾ ಬಂದು ಎರಡು ಅಂಚು ಕೂಡಿತು ಅಂದರೆ ಸ್ಟೇಷನ್ ಸಿಕ್ಕಿತು ಅಂತ. ಹಾಡಿನ ಮಧ್ಯೆ ಸಿಗ್ನಲ್ ಮುಳುಗಿ ಮತ್ತೆ ತೇಲುತ್ತಿತ್ತು, ಮುಳುಗಿದ ಜಾಗಕ್ಕೆ ನಾವೇ ಪದ ತುಂಬಿಕೊಳ್ಳುತ್ತಿದ್ದೆವು. ಅಮ್ಮ "ಆ ಕೂಗಾಟ ನಿಲ್ಲಿಸೋ" ಅನ್ನೋರು. ನನಗೆ ಇದನ್ನು ಯಾವ ಅಂಗಡಿಯವನೂ ಮಾರಲಿಲ್ಲ. ನಾನೇ ಹುಡುಕಿಕೊಂಡು ಹೋದೆ.

ತಿರುಗೋ_ಪ್ಲೇಟು

ಸರ್, ನಿಮ್ಮ ನೆನಪಿನ ಮೇಲೆ ಗೌರವ ಇದೆ. ಆದರೆ ರೇಡಿಯೋ ಸಿಲೋನ್ ಓಡುತ್ತಿದ್ದದ್ದು ಜಾಹೀರಾತಿನ ದುಡ್ಡಿನ ಮೇಲೆ. ಬಿನಾಕಾ ಟೂತ್‌ಪೇಸ್ಟ್ ಮಾರಲಿಕ್ಕೆ ಹಾಡು ಹಾಕುತ್ತಿದ್ದರು. ನೀವು ಹುಡುಕಿಕೊಂಡು ಹೋಗಿ ತಲುಪಿದ್ದೂ ಅಂಗಡಿಯನ್ನೇ!

ದಂಡಿನ_ಹಳಬ

ಹಲ್ಲು ಮಾತ್ರ ಬೂದಿಯಲ್ಲೇ ಉಜ್ಜುತ್ತಿದ್ದೆ ಕಣಯ್ಯಾ.

ಈರೀ_ಕೆರೆ_ದಂಡೆ

ನಾನಿರೋದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಇಲ್ಲಿನವರು ಈ ಕಥೆಯನ್ನು ಬೇರೆ ತುದಿಯಿಂದ ಹೇಳುತ್ತಾರೆ. ಪ್ರಾಸ್ಪೆಕ್ಟ್ ಅವೆನ್ಯೂನಲ್ಲಿ ಲಿಯೋ ಮಿಂಟ್ಜ್ ಎಂಬವರ 'ರೆಕಾರ್ಡ್ ರಾಂದೆವೂ' ಅಂತ ಒಂದು ಅಂಗಡಿ ಇತ್ತು. ಕರಿಯರ ರಿದಮ್ ಅಂಡ್ ಬ್ಲೂಸ್ ಪ್ಲೇಟುಗಳನ್ನು ಬಿಳಿ ಹುಡುಗ-ಹುಡುಗಿಯರೂ ಬಂದು ಕೇಳಿ ಕೊಳ್ಳುತ್ತಿದ್ದಾರೆ ಅನ್ನೋದನ್ನು ಗಮನಿಸಿದವರು ಅವರು. ಡಬ್ಲ್ಯೂಜೆಡಬ್ಲ್ಯೂ ರೇಡಿಯೋದ ಅಲನ್ ಫ್ರೀಡ್‌ಗೆ "ಇದನ್ನು ರಾತ್ರಿ ಹೊತ್ತು ಹಾಕು" ಅಂತ ಹೇಳಿದ್ದೂ ಅವರೇ. ತಿರುಗೋ ಪ್ಲೇಟು ಅವರೇ, ಕ್ರಮ ನೋಡಿ: ಮೊದಲು ಹುಡುಗರು ಅಂಗಡಿಗೆ ಬಂದರು, ಆಮೇಲೆ ಅಂಗಡಿಯವರಿಗೆ ಬುದ್ಧಿ ಓಡಿತು, ಆಮೇಲೆ ರೇಡಿಯೋ.

1952ರ ಮಾರ್ಚ್ 21ಕ್ಕೆ ಫ್ರೀಡ್ ಇಲ್ಲಿನ ಅರೀನಾದಲ್ಲಿ 'ಮೂನ್‌ಡಾಗ್ ಕಾರೊನೇಷನ್ ಬಾಲ್' ಎಂಬ ಹಾಡು-ಕುಣಿತದ ಕಾರ್ಯಕ್ರಮ ಇಟ್ಟರು. ಜಾಗ ಇದ್ದದ್ದು ಸುಮಾರು 10 ಸಾವಿರ ಜನಕ್ಕೆ, ಬಂದದ್ದು ಅದರ ಎರಡರಷ್ಟು ಅಂತ ಅಂದಾಜು. ಬಾಗಿಲು ಮುರಿದು ನುಗ್ಗಿದರು, ಮೊದಲನೇ ವಾದ್ಯಗಾರರು ಶುರು ಮಾಡುವಷ್ಟರಲ್ಲೇ ಪೊಲೀಸರು ಬಂದು ನಿಲ್ಲಿಸಿದರು. ಜಾಹೀರಾತು ಎಂದರೆ ರೇಡಿಯೋ ಮಾತು, ಪೋಸ್ಟರು, ಅಷ್ಟೇ. ಅಲ್ಲಿ ಸೇರಿದ್ದವರು ಹೆಚ್ಚಾಗಿ ಕರಿಯ ಯುವಕ-ಯುವತಿಯರು. ಇತಿಹಾಸ ಹೇಳುವಾಗ "ಹದಿಹರೆಯದವರು" ಅಂದ ಕೂಡಲೇ ಎಲ್ಲರ ಕಣ್ಣಿಗೆ ಪೋನಿಟೇಲ್ ಬಿಳಿ ಹುಡುಗಿಯೇ ಯಾಕೆ ಬರೋದು?

ಪೇಡೆ_ಗಲ್ಲಿ

ಮ್ಯಾಡಮ್ಮಾರ ಹೇಳಿದ್ದು ಖರೇ ಐತಿ. ಜಾತ್ರಿ ನೆರೆದ ಮ್ಯಾಲ ಬೆಂಡು-ಬತ್ತಾಸದ ಅಂಗಡಿ ಬರತಾವ, ಅಂಗಡಿ ಬಂದಾವಂತ ಜಾತ್ರಿ ನೆರೆಯೂದಿಲ್ಲ. ಪ್ಲೇಟಣ್ಣ, ಲೆಕ್ಕ ಉಲ್ಟಾ ಹಿಡದೀರಿ.

ಆರು_ತಂತಿ

ವಯಸ್ಸಿನ ಲೆಕ್ಕವನ್ನೂ ಅರ್ಧ ಮಾತ್ರ ಕೊಟ್ಟಿದ್ದೀರಿ ಬ್ರೋ. ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ 1954ರ ಜುಲೈನಲ್ಲಿ ಮೊದಲ ರೆಕಾರ್ಡು ಮಾಡಿದಾಗ ಎಲ್ವಿಸ್‌ಗೆ 19. 'ಹೌಂಡ್ ಡಾಗ್' ಬರೆದ ಲೀಬರ್, ಸ್ಟೋಲರ್ ಇಬ್ಬರಿಗೂ 19. ನ್ಯೂಯಾರ್ಕಿನ ಫ್ರಾಂಕಿ ಲೈಮನ್ ಬರೀ 13ಕ್ಕೇ ಹಾಡಿ ಹೆಸರು ಮಾಡಿದ. ರಿಚ್ಚಿ ವಾಲೆನ್ಸ್ ವಿಮಾನ ಬಿದ್ದು ಸಾಯುವಾಗ 17, ಅದೇ ವಿಮಾನದಲ್ಲಿದ್ದ ಬಡಿ ಹಾಲಿಗೆ 22. ಇವರೆಲ್ಲ ಏನು, ಅಂಗಡಿಯವರಾ?

ಗಿಟಾರ್ ಹಿಡಿಯುವವನಾಗಿ ಇನ್ನೊಂದು ಮಾತು. ಚಕ್ ಬೆರ್ರಿಯ ರಿದಮ್ ಇದೆಯಲ್ಲ, ಕೇಳೋಕೆ ಎಷ್ಟು ಸಲೀಸು! ಕೂತು ನುಡಿಸಿದರೆ ಗೊತ್ತಾಗುತ್ತೆ. ತೋರುಬೆರಳು, ಉಂಗುರ ಬೆರಳು ಒಂದು ಕಡೆ ಒತ್ತಿ ಹಿಡಿದು, ಪ್ರತಿ ಎರಡನೇ ಬಡಿತಕ್ಕೆ ಕಿರುಬೆರಳು ಎರಡು ಮನೆ ಮುಂದೆ ಚಾಚಬೇಕು. ಎ, ಇ ಶ್ರುತಿಯಲ್ಲಿ ಬಿಡಿ ತಂತಿ ಇರುತ್ತೆ, ಕೈಗೆ ಬಿಡುವು ಸಿಗುತ್ತೆ. ಅವನು ನುಡಿಸಿದ್ದು ಹೆಚ್ಚಾಗಿ ಬಿ ಫ್ಲ್ಯಾಟ್, ಇ ಫ್ಲ್ಯಾಟ್‌ನಲ್ಲಿ. ಅವು ಗಿಟಾರಿಗೆ ಒಗ್ಗುವ ಶ್ರುತಿಯಲ್ಲ, ಪಿಯಾನೋದವು. ಅವನ ಜೊತೆಗಿದ್ದ ಪಿಯಾನೋ ವಾದಕ ಜಾನಿ ಜಾನ್ಸನ್‌ನ ಎಡಗೈ ಬೂಗಿಯನ್ನು (ಒಂದೇ ಸಮನೆ ಮರುಕಳಿಸುವ ಲಯ) ಬೆರ್ರಿ ತಂತಿಗೆ ಇಳಿಸಿದ. ಮೂರು ನಿಮಿಷ ಬಿಡದೆ ನುಡಿಸಿ ನೋಡಿ, ಮುಂಗೈ ಉರಿಯುತ್ತೆ. ಮಾರುಕಟ್ಟೆ ನೋಡಿ ಯಾರೂ ಈ ಕಷ್ಟ ಕಂಡುಹಿಡಿಯಲ್ಲ.

ತಿರುಗೋ_ಪ್ಲೇಟು

ಕಲೆ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಆ ಕಲೆಯ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿ. ಬೆರ್ರಿಯ ಮೊದಲ ಹಾಡು 'ಮೇಬೆಲೀನ್' ಪ್ಲೇಟಿನ ಮೇಲೆ ಬರೆದವರ ಜಾಗದಲ್ಲಿ ಅಲನ್ ಫ್ರೀಡ್ ಹೆಸರೂ ಇತ್ತು. ಮೇಡಂ ಹೊಗಳಿದ ಅದೇ ಫ್ರೀಡ್. ಹಾಡಿನ ಒಂದು ಅಕ್ಷರವನ್ನೂ ಬರೆಯದೆ, ರೇಡಿಯೋದಲ್ಲಿ ಹಾಕುವುದಕ್ಕೆ ಪಾಲು. ಅದನ್ನು ತೆಗೆಸಲು ಬೆರ್ರಿಗೆ 1986 ಆಗಬೇಕಾಯಿತು. 'ಹೌಂಡ್ ಡಾಗ್' ಮೊದಲು ಹಾಡಿ 1953ರಲ್ಲಿ ಕರಿಯರ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ತಂದ ಬಿಗ್ ಮಾಮಾ ಥಾರ್ನ್‌ಟನ್‌ಗೆ ಸಿಕ್ಕಿದ್ದು 500 ಡಾಲರಿನ ಒಂದೇ ಚೆಕ್ಕು, ಆಕೆಯೇ ಹೇಳಿಕೊಂಡ ಪ್ರಕಾರ. ಮೂರು ವರ್ಷದ ನಂತರ ಅದೇ ಹಾಡು ಎಲ್ವಿಸ್‌ಗೆ ಅರಮನೆ ಕಟ್ಟಿಸುವಷ್ಟು ಕೊಟ್ಟಿತು. ಫ್ಯಾಟ್ಸ್ ಡೊಮಿನೋ ಹಾಡಿದ್ದನ್ನು ಪ್ಯಾಟ್ ಬೂನ್ ಬಿಳಿ ಷೂ ಹಾಕಿಕೊಂಡು ಹಾಡಿ 1955ರಲ್ಲಿ ಒಂದನೇ ಸ್ಥಾನಕ್ಕೆ ಹೋದ. ನಿಮ್ಮ ಬಂಡಾಯಗಾರ ಹುಡುಗರು ಕೊಂಡದ್ದು ಆ ನಕಲನ್ನು.

ಈರೀ_ಕೆರೆ_ದಂಡೆ

1955ಕ್ಕೇ ನಿಲ್ಲಿಸಿದಿರಲ್ಲ! ಮುಂದಿನ ಪುಟ ತಿರುಗಿಸಿ. ಲಿಟ್ಲ್ ರಿಚರ್ಡ್ ನ್ಯೂ ಆರ್ಲಿಯನ್ಸ್‌ನಲ್ಲಿ ಹಾಡಿದ 'ಟುಟಿ ಫ್ರೂಟಿ'ಗೂ ಬೂನ್ ನಕಲು ಬಂತು. 1956ರ ಶುರುವಿನಲ್ಲಿ ನಕಲೇ ಮೇಲಿತ್ತು, ಒಪ್ಪೋಣ. ಅದರ ಮುಂದಿನ ಹಾಡು 'ಲಾಂಗ್ ಟಾಲ್ ಸ್ಯಾಲಿ'. ಬೂನ್ ನಾಲಿಗೆ ತೊಡರಲಿ ಅಂತಲೇ ವೇಗ ಹೆಚ್ಚಿಸಿದೆವು ಎಂದು ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಆಮೇಲೆ ಹೇಳಿಕೊಂಡರು. ಬೂನ್ ಅದನ್ನೂ ಹಾಡಿದ, ಬಿಡಲಿಲ್ಲ. ಆದರೆ ಈ ಸಲ ರಿಚರ್ಡ್ 6ನೇ ಸ್ಥಾನ, ಬೂನ್ 8. ಎರಡೂ ಪ್ಲೇಟು ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದಾಗ, ನಾಜೂಕಾದದ್ದನ್ನು ಪಕ್ಕಕ್ಕಿಟ್ಟು ಕಿರುಚುವುದನ್ನು ಎತ್ತಿಕೊಂಡವರು ಯಾರು? ಕಂಪನಿಗಳು ಸಾಕಷ್ಟು ದುಡ್ಡು ಸುರಿದದ್ದು ಬೂನ್ ಮೇಲೆ.

ಇನ್ನು ಬಂಡಾಯ ಅಂದರೆ ಏನು ಅಂತ ಯೋಚಿಸುವಾಗ ಕಾಲ ಮರೆಯಬೇಡಿ. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಮಾಡುವುದು ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1954ರ ಮೇ. ಹದಿನಾಲ್ಕರ ಎಮೆಟ್ ಟಿಲ್‌ನನ್ನು ಮಿಸಿಸಿಪ್ಪಿಯಲ್ಲಿ ಕೊಂದದ್ದು 1955ರ ಆಗಸ್ಟ್. ದಕ್ಷಿಣದ ಸಂಗೀತ ಕಚೇರಿಗಳಲ್ಲಿ ಬಿಳಿಯರು ಒಂದು ಕಡೆ, ಕರಿಯರು ಇನ್ನೊಂದು ಕಡೆ, ನಡುವೆ ಹಗ್ಗ. ಹಾಡು ಬಿಸಿಯೇರಿದಾಗ ಹುಡುಗರು ಆ ಹಗ್ಗ ದಾಟಿ ಒಟ್ಟಿಗೆ ಕುಣಿದರು, ಪೊಲೀಸರು ಕಾರ್ಯಕ್ರಮ ನಿಲ್ಲಿಸಿದರು, ಇದು ಒಂದೆರಡು ಊರಿನ ಮಾತಲ್ಲ. 1956ರ ಏಪ್ರಿಲ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ನ್ಯಾಟ್ ಕಿಂಗ್ ಕೋಲ್ ಮೇಲೆ ವೇದಿಕೆಯಲ್ಲೇ ಹಲ್ಲೆ ಮಾಡಿದರು. ಪಾಪ, ಅವರು ರಾಕ್ ಹಾಡುವವರೂ ಅಲ್ಲ. ಬರೀ ಗಿರಾಕಿಗಳ ಸಂಗೀತವಾಗಿದ್ದರೆ ಇಷ್ಟು ಹೆದರಿಕೆ ಯಾಕೆ?

ಆರು_ತಂತಿ

+1. ಜೊತೆಗೆ ಒಂದು: ಎಲ್ವಿಸ್ ಕದ್ದ ಅನ್ನೋರು 'ಹೌಂಡ್ ಡಾಗ್' ಉದಾಹರಣೆ ಕೊಡುವಾಗ ಅದನ್ನು ಬರೆದವರು ಇಬ್ಬರು ಬಿಳಿ ಯಹೂದಿ ಹುಡುಗರು ಅನ್ನೋದನ್ನು ನುಂಗಿಬಿಡ್ತಾರೆ. ನಿಜವಾದ ಅನ್ಯಾಯ ನೋಡಬೇಕಾದರೆ ಕರಿಯ ಗಾಯಕ ಆರ್ಥರ್ ಕ್ರಡಪ್ ಕಡೆ ನೋಡಿ. ಎಲ್ವಿಸ್‌ನ ಮೊದಲ ರೆಕಾರ್ಡಿನ ಹಾಡು ಅವರದು, ರಾಯಲ್ಟಿ ಅಂತ ಕೈಗೆ ನೆಟ್ಟಗೆ ಬರಲೇ ಇಲ್ಲ.

ತಿರುಗೋ_ಪ್ಲೇಟು

ಹಾಗಾದರೆ 1958ರಿಂದ ಮುಂದೆ ಏನಾಯಿತು ಹೇಳಿ? ರಿಚರ್ಡ್ 1957ರಲ್ಲೇ ರಾಕ್ ಬಿಟ್ಟು ದೇವರ ಸೇವೆಗೆ ಹೊರಟ. ಎಲ್ವಿಸ್ ಮಾರ್ಚ್ 1958ಕ್ಕೆ ಸೈನ್ಯ ಸೇರಿದ. ಜೆರಿ ಲೀ ಲೂಯಿಸ್ ಹದಿಮೂರು ವರ್ಷದ ಸಂಬಂಧಿ ಹುಡುಗಿಯನ್ನು ಮದುವೆಯಾದದ್ದು ಇಂಗ್ಲೆಂಡ್ ಪ್ರವಾಸದಲ್ಲಿ ಬಯಲಾಗಿ ಮನೆಗೆ ಹೋದ (ಸರಿಯಾಗೇ ಆಯ್ತು). 1959ರ ಫೆಬ್ರವರಿ 3, ಹಾಲಿ, ವಾಲೆನ್ಸ್ ಇದ್ದ ವಿಮಾನ ಬಿತ್ತು. ಅದೇ ವರ್ಷದ ಕೊನೆಗೆ ಬೆರ್ರಿ ಅರೆಸ್ಟು. 1960ರಲ್ಲಿ ಡಿಜೆಗಳ ಲಂಚದ ಬಗ್ಗೆ ಸಂಸತ್ತಿನ ವಿಚಾರಣೆ, ಫ್ರೀಡ್ ಮುಳುಗಿದ. ಆಗ ಟಿವಿಯಲ್ಲಿ ಯಾರು? ಫೇಬಿಯನ್, ಫ್ರಾಂಕಿ ಅವಲಾನ್. ತಲೆ ಬಾಚಿದ ಚೆಲುವ ಹುಡುಗರು. ನಿಮ್ಮ ಬಂಡಾಯಗಾರರು ಅವರನ್ನೂ ಕೊಂಡರು. ಕೊಟ್ಟದ್ದನ್ನು ಕೊಳ್ಳುವವರಿಗೆ ಗಿರಾಕಿ ಅಂತಾರೆ.

ಈರೀ_ಕೆರೆ_ದಂಡೆ

ನನ್ನ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. 1957ರಲ್ಲಿ 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಎಂಬ ಟಿವಿ ಕುಣಿತದ ಕಾರ್ಯಕ್ರಮ ದೇಶಕ್ಕೆಲ್ಲ ಬರಲು ಶುರುವಾದಾಗ ಶಾಲೆ ಬಿಟ್ಟ ಕೂಡಲೇ ಓಡಿ ಬಂದು, ಫ್ರಿಜ್ ಬಾಗಿಲಿನ ಹಿಡಿಕೆಯನ್ನೇ ಜೋಡಿ ಅಂತ ಹಿಡಿದುಕೊಂಡು ಕುಣಿತ ಕಲಿತರಂತೆ. ಫೇಬಿಯನ್ ಬಗ್ಗೆ ಕೇಳಿದೆ. "ನೋಡಲಿಕ್ಕೆ ಚೆನ್ನಾಗಿದ್ದ, ಹಾಡು ಬಂದಾಗ ಸ್ಯಾಂಡ್‌ವಿಚ್ ಮಾಡಲು ಹೋಗ್ತಿದ್ದೆ" ಅಂದರು. ಕೂಗುವ ಹುಡುಗಿಯರಿಗೆ ಕಿವಿ ಇರಲಿಲ್ಲ ಅಂತ ಗಂಡಸು ವಿಮರ್ಶಕರು ಎಪ್ಪತ್ತು ವರ್ಷದಿಂದ ಬರೆಯುತ್ತಾ ಬಂದಿದ್ದಾರೆ, ನೀವೂ ಅದೇ ಸಾಲಿಗೆ ಸೇರಬೇಡಿ.

ಹಾಂ, ಆ ಕಾರ್ಯಕ್ರಮದ ಸ್ಟುಡಿಯೋಗೆ ಫಿಲಡೆಲ್ಫಿಯಾದ ಕರಿಯ ಮಕ್ಕಳನ್ನು ಒಳಗೆ ಬಿಡದಿರಲು ಏನೆಲ್ಲ ಮಾಡಿದರು ಅನ್ನೋದೂ ದಾಖಲಾಗಿದೆ. ಅಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅಂಗಡಿಯವರು ಮಾಡಿದ್ದು ಬೇಲಿ ಹಾಕುವ ಕೆಲಸ.

ದಂಡಿನ_ಹಳಬ

45 ಆರ್‌ಪಿಎಂ ಬಗ್ಗೆ ಹೇಳಿದಿರಿ. ನಮ್ಮ ಕಡೆ ಅದೆಲ್ಲ ತಡವಾಗಿ ಬಂತು. ಕಲ್ಕತ್ತದ ಡಂ ಡಂ ಕಾರ್ಖಾನೆಯಿಂದ ಎಲ್ವಿಸ್ ಬರುತ್ತಿದ್ದದ್ದು 78ರ ಅರಗಿನ ಪ್ಲೇಟಿನಲ್ಲಿ, ಕೈ ಜಾರಿದರೆ ಚೂರುಚೂರು. ಆರು ಜನ ಹುಡುಗರು ದುಡ್ಡು ಕೂಡಿಸಿ ಒಂದು ಕೊಂಡು, ಆಂಗ್ಲೋ ಇಂಡಿಯನ್ ಗೆಳೆಯನ ಮನೆಯಲ್ಲಿ ಇಟ್ಟಿದ್ದೆವು, ಯಾಕೆಂದರೆ ಗ್ರಾಮಫೋನ್ ಇದ್ದದ್ದು ಅಲ್ಲಿ ಮಾತ್ರ. ಅವನ ಅಕ್ಕ ಜೈವ್ ಕುಣಿತ ಕಲಿಸಿದಳು. ಸೂಜಿ ಬದಲಾಯಿಸದೆ ಹಾಕಿ ಹಾಕಿ ಕೊನೆಗೆ ಡ್ರಮ್ಮು ಯಾವುದು, ಗೀರು ಯಾವುದು ತಿಳಿಯುತ್ತಿರಲಿಲ್ಲ. ಆ ಕಂಪನಿಗೆ ನಮ್ಮಿಂದ ಏನು ಲಾಭ ಬಂದಿರಬಹುದು ನೀವೇ ಹೇಳಿ.

ಪೇಡೆ_ಗಲ್ಲಿ

ಹುಬ್ಬಳ್ಳಿ ರೇಲ್ವೆ ಕಾಲನ್ಯಾಗೂ ಹಂಗ ಇತ್ರಿ, ನಮ್ಮ ಕಾಕಾ ವರ್ಕ್‌ಶಾಪಿನ್ಯಾಗ ಇದ್ದಾಗ ನೋಡ್ಯಾನ. ಕಿಡಕ್ಯಾಗ ನಿಂತು ಡ್ಯಾನ್ಸ್ ನೋಡಿ ಮನಿಗೆ ಬಂದು ಅಜ್ಜನ ಕಡೆ ಹೊಡಸಿಕೊಂಡಾನ. ಅಂವಾ ಒಂದ್ ಪೈಸಾದ ಪ್ಲೇಟೂ ಕೊಂಡಿಲ್ಲ. ಅಂವನ್ನ ಯಾ ಕಾಲಮ್ಮಿನ್ಯಾಗ ಬರೀತೀರಿ ಪ್ಲೇಟಣ್ಣ, ಗಿರಾಕಿನೋ ಬಂಡಾಯನೋ?

ತಿರುಗೋ_ಪ್ಲೇಟು

ಪುಕ್ಕಟೆ ಗಿರಾಕಿ ಅಂತ ಬರೀತೀನಿ 😀 ಭಾರತದ ಮಾತು ಬೇರೆ, ಒಪ್ಪಿದೆ. ಇಲ್ಲಿ ಮಾರಾಟದ ಜಾಲವೇ ಸರಿಯಾಗಿ ಇರಲಿಲ್ಲ. ಅಮೆರಿಕದ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ: 'ಲಾಂಗ್ ಟಾಲ್ ಸ್ಯಾಲಿ'ಯಲ್ಲಿ ಹುಡುಗರು ಗೆದ್ದರು, 1960ಕ್ಕೆ ಕಂಪನಿಗಳು ಗೆದ್ದವು.

ಆರು_ತಂತಿ

1960ಕ್ಕೆ ಅಮೆರಿಕದಲ್ಲಿ. ಅಷ್ಟು ಹೊತ್ತಿಗೆ ಲಿವರ್‌ಪೂಲ್‌ನಲ್ಲಿ ಬಟ್ಟೆ ಒಗೆಯುವ ವಾಶ್‌ಬೋರ್ಡು, ಚಹಾ ಪೆಟ್ಟಿಗೆಗೆ ಕೋಲು-ಹಗ್ಗ ಕಟ್ಟಿದ ಬೇಸು ಇಟ್ಟುಕೊಂಡು ಸ್ಕಿಫಲ್ ಎಂಬ ಮನೆಸಾಮಾನಿನ ಸಂಗೀತ ಬಾರಿಸುತ್ತಿದ್ದ ಹುಡುಗರು ಇದೇ ಬೆರ್ರಿ, ರಿಚರ್ಡ್, ಹಾಲಿಯನ್ನು ಬಾಯಿಪಾಠ ಮಾಡಿದ್ದರು. ಅಲ್ಲಿ ಬಿಬಿಸಿ ಇವನ್ನು ಹೆಚ್ಚು ಹಾಕುತ್ತಿರಲಿಲ್ಲ. ರಾತ್ರಿ ರೇಡಿಯೋ ಲಕ್ಸೆಂಬರ್ಗ್, ಅದೂ ದಂಡಿನ ಸರ್ ಹೇಳಿದ ಹಾಗೆ ಮುಳುಗುತ್ತಾ ತೇಲುತ್ತಾ. 1957ರ ಜುಲೈ 6ಕ್ಕೆ ಒಂದು ಚರ್ಚಿನ ಜಾತ್ರೆಯಲ್ಲಿ, ಮುಂದೆ ಬೀಟಲ್ಸ್ ತಂಡ ಕಟ್ಟಿದ ಲೆನನ್, ಮೆಕಾರ್ಟ್ನಿ ಭೇಟಿಯಾದಾಗ ಒಬ್ಬನಿಗೆ 16, ಇನ್ನೊಬ್ಬನಿಗೆ 15. ಅವರಿಗೆ ಆ ಚಹಾ ಪೆಟ್ಟಿಗೆ ಮಾರಿದ ಕಂಪನಿ ಯಾವುದು ಅಂತ ಹುಡುಕಿ ಬನ್ನಿ, ಆಮೇಲೆ ಮುಂದುವರಿಸೋಣ.