ಲೈನ್ ಬದಲಾದರೆ ಸಂಪರ್ಕ ಕಡಿಯುವುದೇಕೆ?

ಪ್ರಶ್ನೆ – ಗಂಗಾವತಿಯಿಂದ

ನಮ್ಮ ರೈಸ್ ಮಿಲ್ಲಿಗೆ ಎರಡು ಇಂಟರ್ನೆಟ್ ಲೈನ್‌ಗಳಿವೆ: ಒಂದು ಫೈಬರ್, ಇನ್ನೊಂದು 4ಜಿ. ಭತ್ತದ ಲಾರಿ ವೇಬ್ರಿಡ್ಜ್ ಮೇಲೆ ನಿಂತ ಕೂಡಲೇ ಅದರ ತೂಕ ರಾಯಚೂರು ಕಚೇರಿಯ ಸರ್ವರ್‌ನಲ್ಲಿ ದಾಖಲಾಗುತ್ತದೆ. ಫೈಬರ್ ತುಂಡಾದರೆ ರೂಟರ್ ತಾನಾಗಿಯೇ 4ಜಿಗೆ ಹೊರಳುತ್ತದೆ. ಆದರೂ ತೂಕದ ಪರದೆ ಇದ್ದಲ್ಲಿಯೇ ನಿಂತುಬಿಡುತ್ತದೆ, ಮತ್ತೆ ಲಾಗಿನ್ ಆಗಿ ಎಲ್ಲವನ್ನೂ ಮೊದಲಿನಿಂದ ನಮೂದಿಸಬೇಕಾಗುತ್ತದೆ. ಸುಗ್ಗಿಯ ದಿನಗಳಲ್ಲಿ ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿರುತ್ತವೆ. ಕಂಪ್ಯೂಟರ್ ಅದೇ, ಸರ್ವರ್ ಅದೇ, ಇಂಟರ್ನೆಟ್ಟೂ ಇದೆ. ಹಾಗಿದ್ದ ಮೇಲೆ ಕಡಿಯುವುದೇನು?

ಉತ್ತರ – ಬಳ್ಳಾರಿಯಿಂದ

ಟಿಸಿಪಿ (ಎರಡು ಯಂತ್ರಗಳ ನಡುವೆ ಮಾಹಿತಿಯನ್ನು ಕ್ರಮವಾಗಿ ಸಾಗಿಸುವ ವಿಧಾನ) ಸಂಪರ್ಕವೊಂದನ್ನು ಗುರುತಿಸುವುದು ನಾಲ್ಕು ಸಂಗತಿಗಳಿಂದ: ಎರಡೂ ತುದಿಗಳ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆ (ಯಂತ್ರದಲ್ಲಿನ ಯಾವ ತಂತ್ರಾಂಶಕ್ಕೆ ಎಂದು ಸೂಚಿಸುವ ಸಂಖ್ಯೆ). ಲೈನ್ ಬದಲಾದಾಗ ನಿಮ್ಮ ಕಡೆಯ ವಿಳಾಸ ಬದಲಾಗುತ್ತದೆ. ಸರ್ವರ್‌ಗೆ ನೀವು ಅಪರಿಚಿತರಾಗುತ್ತೀರಿ. ಐಪಿ ವಿಳಾಸವು ‘ಯಾರು’ ಮತ್ತು ‘ಎಲ್ಲಿ’ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವಾಗಿರುವುದೇ ಇದರ ಮೂಲ. ಸಿರುಗುಪ್ಪದಿಂದ ಸಿಂಧನೂರಿಗೆ ವರ್ಗವಾದ ನೌಕರನಿಗೆ ಅಲ್ಲಿ ಹೊಸ ಹೆಸರನ್ನೇ ಇಟ್ಟು, ಹಳೆಯ ಹೆಸರಿನ ಕಡತಗಳನ್ನೆಲ್ಲ ಮುಚ್ಚಿದಂತೆ ಇದು.

ಪ್ರಶ್ನೆ – ಗಂಗಾವತಿಯಿಂದ

ಹಾಗಾದರೆ ನಮ್ಮದೇ ವಿಳಾಸಗಳನ್ನು ಪಡೆದು, ಎರಡೂ ಲೈನ್‌ಗಳಲ್ಲಿ ಅವುಗಳನ್ನೇ ಬಳಸಬಹುದಲ್ಲವೇ?

ಉತ್ತರ – ರಾಯಚೂರಿನಿಂದ

ದೊಡ್ಡ ಸಂಸ್ಥೆಗಳು ಬಿಜಿಪಿ (ಯಾವ ವಿಳಾಸಕ್ಕೆ ಯಾವ ದಾರಿ ಎಂದು ನೆಟ್‌ವರ್ಕ್‌ಗಳು ಪರಸ್ಪರ ಘೋಷಿಸುವ ವಿಧಾನ) ಮೂಲಕ ಹಾಗೆಯೇ ಮಾಡುತ್ತವೆ, ಆದರೆ ಸಾಮಾನ್ಯ 4ಜಿ ಸಿಮ್‌ನಲ್ಲಿ ಅದು ಆಗದ ಮಾತು. ಅದಲ್ಲದೆ, ಹೀಗೆ ಘೋಷಿಸಿದ ಪ್ರತಿಯೊಂದು ವಿಳಾಸಗುಚ್ಛವೂ ಜಗತ್ತಿನ ಪ್ರಮುಖ ರೂಟರ್‌ಗಳ ದಾರಿ ಕೋಷ್ಟಕದಲ್ಲಿ ಒಂದು ಸಾಲು ಹಿಡಿಯುತ್ತದೆ. ಈ ಬೆಳವಣಿಗೆಯ ಚಿಂತೆಯಿಂದಲೇ 2006ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಜ್ಞರ ಕಾರ್ಯಾಗಾರ ನಡೆಯಿತು. 2014ರ ಆಗಸ್ಟ್‌ನಲ್ಲಿ ಕೋಷ್ಟಕವು 512 ಸಾವಿರ ಸಾಲುಗಳ ಮಿತಿಯನ್ನು ದಾಟಿದಾಗ ಹಳೆಯ ರೂಟರ್‌ಗಳು ಹಲವೆಡೆ ತಡವರಿಸಿದವು.

ಗುರುತನ್ನೂ ಸ್ಥಳವನ್ನೂ ಬೇರ್ಪಡಿಸುವ ದಾರಿಗಳು ಆ ಚಿಂತೆಗೆ ಹತ್ತಿರದವು. 2013ರಲ್ಲಿ ಪ್ರಕಟವಾದ, ಅಂಥದ್ದೇ ಒಂದು ವಿಧಾನವಾದ ಲಿಸ್ಪ್‌ನಲ್ಲಿ ಯಂತ್ರದ ವಿಳಾಸ ಸ್ಥಿರ; ಅದು ಸದ್ಯ ಯಾವ ರೂಟರ್‌ನ ಹಿಂದಿದೆ ಎಂಬುದನ್ನು ಪ್ರತ್ಯೇಕ ಮ್ಯಾಪಿಂಗ್ ವ್ಯವಸ್ಥೆ ತಿಳಿಸುತ್ತದೆ. ಎಚ್‌ಐಪಿ ಎಂಬ ಇನ್ನೊಂದು ವಿಧಾನದಲ್ಲಿ ಸಾರ್ವಜನಿಕ ಕೀಲಿಯೇ (ಯಂತ್ರದ ಗುಟ್ಟಿನ ಕೀಲಿಗೆ ಜೋಡಿಯಾದ, ಎಲ್ಲರಿಗೂ ತೋರಿಸಬಹುದಾದ ಸಂಖ್ಯೆ) ಯಂತ್ರದ ಗುರುತು. ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಕೀಲಿಯಿಂದ ಗುರುತನ್ನು ಸಾಬೀತುಪಡಿಸಬಹುದು. ಬರೀ ವಿಳಾಸದಿಂದ ಅದು ಸಾಧ್ಯವಿಲ್ಲ.

ನಿಮ್ಮ ಮಿಲ್ಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಸಾಕು; ಅದು ಎರಡು ಯಂತ್ರಗಳ ನಡುವೆ ಟನಲ್, ಅಂದರೆ ಹೊರಗಿನವರು ಓದಲಾಗದ ಖಾಸಗಿ ದಾರಿ, ನಿರ್ಮಿಸುತ್ತದೆ. ಅದೂ ಎದುರಿನವರನ್ನು ಕೀಲಿಯಿಂದಲೇ ಗುರುತಿಸುತ್ತದೆ. ಕಚೇರಿಯ ಸರ್ವರ್‌ಗೆ ಸ್ಥಿರ ಐಪಿ ಇರಲಿ. ತೂಕದ ತಂತ್ರಾಂಶವು ಟನಲ್ ಒಳಗಿನ ಬದಲಾಗದ ವಿಳಾಸವನ್ನು ಬಳಸಲಿ. ನಿಮ್ಮ ಕೀಲಿಯಿಂದ ದೃಢೀಕೃತವಾದ ಪ್ಯಾಕೆಟ್ (ಮಾಹಿತಿಯ ತುಣುಕು) ಹೊಸ ಲೈನ್‌ನಿಂದ ಬಂದರೆ, ಸರ್ವರ್ ಮುಂದಿನ ಉತ್ತರಗಳನ್ನು ಅತ್ತಲೇ ಕಳಿಸುತ್ತದೆ. ಟನಲ್ಲನ್ನು ರೂಟರ್‌ನಲ್ಲಿಯೇ ನಡೆಸಿ, ಕೀಪ್‌ಅಲೈವ್ (ದಾರಿ ತೆರೆದಿರಲೆಂದು ಆಗಾಗ ಕಳಿಸುವ ಖಾಲಿ ಪ್ಯಾಕೆಟ್) 25 ಸೆಕೆಂಡ್ ಇಡಿ. ಆದರೆ ಒಂದೇ ಕೀಲಿಯನ್ನು ಎರಡು ಯಂತ್ರಗಳಿಗೆ ಹಾಕಬೇಡಿ. ಸರ್ವರ್ ಎರಡನ್ನೂ ಒಂದೇ ಎಂದು ತಿಳಿದು, ಕೊನೆಯ ಪ್ಯಾಕೆಟ್ ಬಂದ ಕಡೆಗೇ ಎಲ್ಲವನ್ನೂ ಕಳಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಸಂಜೆ ಲಾರಿ ವೇಬ್ರಿಡ್ಜ್ ಮೇಲಿದ್ದಾಗಲೇ ಫೈಬರ್ ಕೇಬಲ್ ಕಿತ್ತು ನೋಡಿದೆ. ಪರದೆ ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ಲಾಗಿನ್ ಕೇಳದೆಯೇ 24,360 ಕೆಜಿ ಎಂದು ರಾಯಚೂರಿನಲ್ಲಿ ದಾಖಲಾಯಿತು. ಹಿಂದಿನ ಗೇಟಿನ ರೂಟರ್‌ಗೂ ಅದೇ ಕೀಲಿಯನ್ನು ನಕಲು ಮಾಡುವವನಿದ್ದೆ; ನಿಮ್ಮ ಮಾತಿನಿಂದ ನಿಲ್ಲಿಸಿ, ಅದಕ್ಕೆ ಬೇರೆ ಕೀಲಿ ಮಾಡಿದ್ದೇನೆ.