ಸಹಾಯ ಬೇಕು: ಅಮ್ಮನ ಜೊತೆ ಹಂಪಿಯ ಹೊಳೆದಂಡೆಯಲ್ಲಿ ನಡಿಗೆ

ಬರುವ ಭಾನುವಾರ ಮನೆಯವರೆಲ್ಲ ಹಂಪಿಗೆ ಹೊರಟಿದ್ದೇವೆ. ಅಮ್ಮನಿಗೆ 71, ಮೊಣಕಾಲು ನೋವು. ಮಗಳಿಗೆ 6, ನಿಂತಲ್ಲಿ ನಿಲ್ಲೋದಿಲ್ಲ. ವಿರೂಪಾಕ್ಷ ಬಜಾರಿನಿಂದ ತುಂಗಭದ್ರೆಯ ದಂಡೆ ಹಿಡಿದು, ಕೋದಂಡರಾಮನ ಗುಡಿ ದಾಟಿ ವಿಜಯ ವಿಠ್ಠಲನ ಗುಡಿಯವರೆಗೆ ಸುಮಾರು 2 ಕಿಲೋಮೀಟರ್ ನಡೆಯುವ ಆಸೆ.

ಕಳೆದ ಸಲ ಮಳೆಗಾಲದಲ್ಲಿ ಹೋಗಿ ಪೆಚ್ಚಾದೆವು. ಡ್ಯಾಮಿನಿಂದ ನೀರು ಬಿಟ್ಟಿದ್ದರು, ವಿಠ್ಠಲನ ಗುಡಿ ಹತ್ತಿರ ಹೊಳೆದಂಡೆಯಲ್ಲಿರುವ, ಪುರಂದರದಾಸರ ಹೆಸರಿನ ಪುರಂದರ ಮಂಟಪ ಮುಳುಗಿತ್ತು. ಆ ಮಂಟಪದಲ್ಲಿ ಕೂತು ಒಂದು ದೇವರನಾಮ ಹಾಡಬೇಕು ಅಂತ ಅಮ್ಮನ ಹಟ. ಈ ಸಲ ತಪ್ಪಿಸೋ ಹಾಗಿಲ್ಲ.

ಅಮ್ಮನಿಗೆ ಬಂಡೆಯ ಮೆಟ್ಟಿಲು ಆಗೋದಿಲ್ಲ. ಅವರನ್ನು ಆಟೋದಲ್ಲಿ ತಳವಾರಘಟ್ಟದ ಕಡೆಯಿಂದ ಕಳಿಸಿ, ಅಲ್ಲಿಂದ ವಿಠ್ಠಲನ ಗುಡಿಗೆ ಹೋಗುವ ಬ್ಯಾಟರಿ ಗಾಡಿ ಹತ್ತಿಸಿದರೆ ಸರಿಹೋಗುತ್ತಾ? ಭಾನುವಾರ ಗಾಡಿಗೆ ಎಷ್ಟು ಹೊತ್ತು ಕಾಯಬೇಕು? ವಿಠ್ಠಲನ ಗುಡಿಯಿಂದ ಮಂಟಪಕ್ಕೆ ಇಳಿಯುವ ದಾರಿ ಕೋಲು ಹಿಡಿದವರಿಗೆ ಆಗುತ್ತಾ?

ಇನ್ನೊಂದು. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಬರುತ್ತೇವೆ. ಹೋದ ಸಲ ಕೋತಿಯೊಂದು ಮಗಳ ಕೈಯಲ್ಲಿದ್ದ ಬಾಳೆಹಣ್ಣನ್ನು ಸಿಪ್ಪೆ ಸಮೇತ ಕಿತ್ತುಕೊಂಡು ಹೋಯ್ತು. ದಾರಿಯಲ್ಲಿ ನೆರಳಿರುವ, ಕೋತಿ ಕಾಟ ಕಡಿಮೆ ಇರುವ ಜಾಗ ಯಾವುದು? ಈಚೆಗೆ ಹೋಗಿಬಂದವರು ದಯವಿಟ್ಟು ಹೇಳಿ.