ಸಹಾಯ ಬೇಕು: ಯೋಚಿಸಿ ಬರೆಯುವ ಕೆಲಸಕ್ಕೆ ದಿನದ ಗುರಿ ಹೇಗಿಡುವುದು?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ನಮ್ಮ ಕಡೆಯ ಬೇಸಾಯ ಹೇಗೆ ಬದಲಾಯಿತು ಎಂಬುದರ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೇನೆ. ಮೂರನೆಯ ಅಧ್ಯಾಯ ಎಂಟು ತಿಂಗಳಿಂದ ನಿಂತಲ್ಲೇ ನಿಂತಿದೆ.

ಯುಗಾದಿಯೊಳಗೆ ಮುಗಿಸುತ್ತೇನೆ ಎಂದುಕೊಂಡೆ, ಆಮೇಲೆ ದಸರೆಯೊಳಗೆ ಎಂದೆ. ಒಂದು ಸಾಲೂ ಹುಟ್ಟಲಿಲ್ಲ. ಮನಃಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರಲ್ಲಿ ಬರೆದ ವಿಚಾರ ಕಣ್ಣಿಗೆ ಬಿತ್ತು: ಇಂಥ ಹೊತ್ತು, ಇಂಥ ಜಾಗ ಬಂದರೆ ಇಂಥ ಕೆಲಸ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಾಗೆಯೇ ಮಾಡಿದೆ. ಬೆಳಿಗ್ಗೆ ಮೈಸೂರಿನ ರೈಲಿನಲ್ಲಿ ಕುಳಿತ ಕೂಡಲೇ ಐದು ಟಿಪ್ಪಣಿ ಚೀಟಿ ವಿಂಗಡಿಸುವುದು, ಅಷ್ಟೇ. ಮೂರು ವಾರದಲ್ಲಿ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟುವವರೆಗಿನ ಟಿಪ್ಪಣಿಗಳೆಲ್ಲ ಅಚ್ಚುಕಟ್ಟಾದವು. ಎಷ್ಟು ಹಗುರವಾಯಿತೆಂದರೆ, ಮನೆಗೆ ಬಂದವಳೇ ಅಮ್ಮನಿಗೆ ಹೇಳಿಕೊಂಡೆ.

ಸಿಕ್ಕಿಕೊಂಡಿರುವುದು ಈಗ. ಆ ಟಿಪ್ಪಣಿಗಳಿಂದ ವಾದ ಕಟ್ಟಲು ಕುಳಿತರೆ ಅಳತೆಯೇ ಸಿಗುತ್ತಿಲ್ಲ. ದಿನಕ್ಕೆ 300 ಪದ ಎಂದರೆ ಜೊಳ್ಳು ತುಂಬುತ್ತೇನೆ. ಒಂದು ಗಂಟೆ ಎಂದರೆ ಬರಿದೇ ಕುಳಿತು ಏಳುತ್ತೇನೆ. ಮಾರ್ಗದರ್ಶಕರು "ಬರೆಯಮ್ಮ, ಬರುತ್ತದೆ" ಎನ್ನುತ್ತಾರೆ.

ಪ್ರಬಂಧ ಮುಗಿಸಿದವರು ದಯವಿಟ್ಟು ಹೇಳಿ: ಏನು ಬರೆಯಬೇಕೆಂದೇ ತಿಳಿಯದ ದಿನಗಳಲ್ಲಿ, ಸಂಜೆಗೆ 'ಆಯಿತು' ಎಂದು ಗುರುತು ಹಾಕಬಹುದಾದ ಯಾವ ಗುರಿಯನ್ನು ನೀವು ಇಟ್ಟುಕೊಂಡಿದ್ದಿರಿ?